‘ಮುಂದಿನ ತಿಂಗಳು ಬರುತ್ತೆ ಅಜ್ಜಿ’

ಆ ಅಜ್ಜಿ ಮೊದಲ ಸಲ ಬಂದಾಗ ನಾನು ತಲೆ ಎತ್ತಿಯೂ ನೋಡಿರಲಿಲ್ಲ. 2024ರ ಜೂನ್ ತಿಂಗಳು. ಶಾಲೆ, ಕಾಲೇಜು ಸೇರುವ ಮಕ್ಕಳ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಜನ ಬಾಗಿಲಾಚೆವರೆಗೂ ನಿಂತಿದ್ದರು. ಕಿಟಕಿಯೊಳಗೆ ಒಂದು ಪಾಸ್‌ಬುಕ್ ಬಂತು. ‘ಮೂರು ತಿಂಗಳಿಂದ ಸಂಬಳ ಬಂದಿಲ್ಲ ಕಣವ್ವ’ ಅಂತ ಒಂದು ದನಿ. ನಮ್ಮ ಕಡೆ ತುಂಬಾ ಜನ ವಯಸ್ಸಾದವರು ಪಿಂಚಣಿಯನ್ನು ಸಂಬಳ ಅಂತಲೇ ಕರೆಯುತ್ತಾರೆ. ನಾನು ಆಧಾರ್ ನಂಬರ್ ಹೊಡೆದೆ. ಸ್ಕ್ರೀನಿನ ಮೇಲೆ ಚಕ್ರ ತಿರುಗುತ್ತಲೇ ಇತ್ತು.

‘ಸರ್ವರ್ ಇಲ್ಲ ಅಜ್ಜಿ. ಮುಂದಿನ ತಿಂಗಳು ಬರುತ್ತೆ, ಹೋಗಿ’ ಅಂದೆ. ಪಾಸ್‌ಬುಕ್ ವಾಪಸ್ ಕೊಟ್ಟೆ. ಮುಂದಿನವರು ಬಂದರು. ಒಂದು ನಿಮಿಷವೂ ಆಗಿರಲಿಲ್ಲ.

ನಾನು ಬೆಂಗಳೂರಿನ ಅಂಚಿನಲ್ಲಿರುವ ಒಂದು ನಾಡಕಚೇರಿಯಲ್ಲಿ ಡೇಟಾ ಎಂಟ್ರಿ ಆಪರೇಟರ್. ಒಂದು ಕಾಲಕ್ಕೆ ಸುತ್ತಲೂ ರಾಗಿ ಹೊಲ ಇದ್ದ ಜಾಗ. ಈಗ ಅಪಾರ್ಟ್‌ಮೆಂಟು, ಲೇಔಟು, ಅವುಗಳ ನಡುವೆ ಶೀಟ್ ಮನೆಗಳ ಸಾಲು. ಜನ ಹತ್ತು ಪಟ್ಟು ಹೆಚ್ಚಿರಬಹುದು, ಕಚೇರಿ ಮಾತ್ರ ಹಳೇದೇ. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಪ್ರಿಂಟರ್. ಬಿ.ಕಾಂ. ಮುಗಿಸಿ ಇಲ್ಲಿ ಸೇರಿದೆ. ಏಜೆನ್ಸಿ ಮೂಲಕ ಹೊರಗುತ್ತಿಗೆ ಕೆಲಸ. ಒಮ್ಮೊಮ್ಮೆ ಎರಡು ತಿಂಗಳು ಸಂಬಳವೇ ಬರುವುದಿಲ್ಲ. ಕಿಟಕಿಯಾಚೆ ನಿಂತವರಿಗೆ ಇದೆಲ್ಲ ಗೊತ್ತಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಅವರ ಪಾಲಿಗೆ ನಾನೇ ಸರ್ಕಾರ.

ಆದರೆ ನನ್ನ ಕೈಯಲ್ಲಿ ಇರುವುದು ಇಷ್ಟೇ. ಅರ್ಜಿ ತಗೊಳ್ಳುತ್ತೇನೆ, ದಾಖಲೆ ಸ್ಕ್ಯಾನ್ ಮಾಡುತ್ತೇನೆ, ಸಕಾಲ ನಂಬರ್ ಇರುವ ಚೀಟಿ ಕೊಡುತ್ತೇನೆ. ಅಲ್ಲಿಂದ ಅರ್ಜಿ ವಿ.ಎ., ಅಂದರೆ ಗ್ರಾಮ ಲೆಕ್ಕಿಗರ ಹತ್ತಿರ ಹೋಗುತ್ತದೆ. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು, ಬಾಯಲ್ಲಿ ಇನ್ನೂ ವಿ.ಎ. ಅಂತಲೇ ಬರುತ್ತದೆ. ಅವರು ಮನೆಗೆ ಹೋಗಿ ನೋಡಿ ವರದಿ ಹಾಕಬೇಕು. ಆಮೇಲೆ ಆರ್.ಐ., ಅಂದರೆ ಕಂದಾಯ ನಿರೀಕ್ಷಕರು, ಆಮೇಲೆ ಮೇಲಿನ ಸಹಿ. ಮಂಜೂರಾದರೆ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ 800. ಈ ದುಡ್ಡು ಹಾಕುವವಳೂ ನಾನಲ್ಲ, ನಿಲ್ಲಿಸುವವಳೂ ನಾನಲ್ಲ. ಎಲ್ಲಿ ನಿಂತಿದೆ ಅಂತ ಎಷ್ಟೋ ಸಲ ನನಗೆ ಕಾಣುವುದೂ ಇಲ್ಲ. ಬಂದಿಲ್ಲ ಅಂತ ಕೇಳುವುದಕ್ಕೆ ಜನರಿಗೆ ಇರುವ ಜಾಗ ಮಾತ್ರ ನನ್ನ ಕಿಟಕಿ.

ಮೊದಲು ಹೀಗಿರಲಿಲ್ಲವಂತೆ. ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲವನ್ನು ಹಳಬರು ಈಗಲೂ ನೆನೆಯುತ್ತಾರೆ. ಪೋಸ್ಟ್‌ಮ್ಯಾನ್ ಮನೆಗೆ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ಜಗಲಿ ಮೇಲೆ ಕೂತು ಎಣಿಸಿ ಕೊಡುತ್ತಿದ್ದರು. ಬರದಿದ್ದರೆ ಯಾರನ್ನು ಕೇಳಬೇಕು ಅಂತ ಗೊತ್ತಿತ್ತು. ಈಗ ದುಡ್ಡು ಖಜಾನೆಯಿಂದ ಹೊರಟು ಆಧಾರ್ ನಂಬರ್ ಹಿಡಿದುಕೊಂಡು ಬ್ಯಾಂಕಿಗೆ ಹೋಗುತ್ತದೆ. ನಡುವೆ ಯಾರ ಕೈಯೂ ಇಲ್ಲ. ಇದು ಒಳ್ಳೆಯದೇ, ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ನಡುವೆ ಕೈ ಇಲ್ಲದ ಹಾಗೆಯೇ ಮುಖವೂ ಇಲ್ಲ. ಬಂದರೆ ಬಂತು. ಬರಲಿಲ್ಲ ಅಂದರೆ ಯಾಕೆ ಬರಲಿಲ್ಲ ಅಂತ ಆ 70 ವರ್ಷದವರಿಗೆ ಹೇಳುವವರು ಯಾರೂ ಇಲ್ಲ.

ಜುಲೈಯಲ್ಲಿ ಅಜ್ಜಿ ಮತ್ತೆ ಬಂದರು. ಈ ಸಲ ಸರ್ವರ್ ಇತ್ತು. ಪಿಂಚಣಿ ಚಾಲ್ತಿಯಲ್ಲಿದೆ ಅಂತ ತೋರಿಸಿತು. ‘ನಮ್ಮಲ್ಲಿ ಎಲ್ಲ ಸರಿ ಇದೆ ಅಜ್ಜಿ, ಬ್ಯಾಂಕಲ್ಲಿ ಕೇಳಿ’ ಅಂದೆ. ನನಗೆ ಸಮಾಧಾನವೇ ಆಯಿತು, ತಪ್ಪು ನಮ್ಮದಲ್ಲ ಅಂತ. ಆಗಸ್ಟಿನಲ್ಲಿ ಬಂದವರು, ‘ಬ್ಯಾಂಕ್‌ನೋರು ಇಲ್ಲಿಗೇ ಹೋಗಿ ಕೇಳು ಅಂದ್ರು ಕಣವ್ವ’ ಅಂದರು. ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದಿದ್ದರು. ಫೆಬ್ರವರಿವರೆಗೆ ಪ್ರತಿ ತಿಂಗಳೂ 1,200. ಆಮೇಲೆ ಬರೀ ಬ್ಯಾಂಕಿನ ಸಣ್ಣಪುಟ್ಟ ಕಡಿತ. ನಾನು ತಾಲ್ಲೂಕು ಕಚೇರಿಯ ಪಿಂಚಣಿ ಕೇಸ್ ವರ್ಕರ್‌ಗೆ ಫೋನ್ ಮಾಡಿದೆ. ಅವರು ಮೀಟಿಂಗಿನಲ್ಲಿದ್ದರು. ‘ಮುಂದಿನ ತಿಂಗಳು ನೋಡೋಣ ಅಜ್ಜಿ’ ಅಂತ ಕಳಿಸಿದೆ.

ಅವರು ಜಗಳ ಆಡಲಿಲ್ಲ. ಆಡುವವರು ಬೇಕಾದಷ್ಟು ಜನ ಇದ್ದಾರೆ. ‘ನಮ್ ದುಡ್ಡ ನೀವೇ ತಿನ್ಕೊಂಡ್ರಾ?’ ಅಂತ ಒಬ್ಬರು ಎಲ್ಲರ ಮುಂದೆ ಕೂಗಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ. 2022ರಲ್ಲಿ 155245ಕ್ಕೆ ಫೋನ್ ಮಾಡಿದರೆ 72 ಗಂಟೆಯಲ್ಲಿ ಪಿಂಚಣಿ ಮಂಜೂರು ಅಂತ ಯೋಜನೆ ಬಂದಾಗ, 73ನೇ ಗಂಟೆಗೆ ನನ್ನ ಕಿಟಕಿಗೆ ಬಂದು ನಿಂತವರೂ ಇದ್ದಾರೆ. ಅವರದು ತಪ್ಪು ಅನ್ನಲಾರೆ. ಹೇಳಿದ್ದನ್ನು ನಂಬಿ ಬಂದವರು. ಕೂಗುವವರನ್ನು ಒಂದು ಗಂಟೆಯಲ್ಲಿ ಮರೆಯುತ್ತೇನೆ. ‘ಆಗ್ಲಿ ಬುಡವ್ವ, ನೀನೇನ್ಮಾಡ್ತೀಯ’ ಅಂತ ಸುಮ್ನೆ ಹೋಗುವವರು ರಾತ್ರಿ ಮಲಗಿದ ಮೇಲೂ ಕಣ್ಣ ಮುಂದೆ ಬರುತ್ತಾರೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅಜ್ಜಿಯದು ನಿಂತುಹೋದ ಪಿಂಚಣಿಯ ಕಥೆ. ಕಿಟಕಿಗೆ ಬರುವ ಮುಂಚೆಯೇ ಮುಗಿದುಹೋಗುವ ಕಥೆಗಳೂ ಇವೆ.

ಈ ಪಿಂಚಣಿಗಳಿಗೆ ವರ್ಷದ ಆದಾಯ 32,000 ರೂಪಾಯಿ ಒಳಗಿರಬೇಕು. ತಿಂಗಳಿಗೆ ಲೆಕ್ಕ ಹಾಕಿದರೆ 2,700 ಕೂಡ ಆಗುವುದಿಲ್ಲ. ಬೆಂಗಳೂರಿನಲ್ಲಿ ಒಂದು ಶೀಟ್ ಮನೆಯ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಬಾಡಿಗೆ ಕಟ್ಟಿಕೊಂಡು ಈ ಊರಲ್ಲಿ ಬದುಕಿದ್ದಾರೆ ಅಂದರೆ ಅದಕ್ಕಿಂತ ಜಾಸ್ತಿ ದುಡಿಯಲೇಬೇಕು, ಅಲ್ವಾ? ಒಂದು ದಿನ ಒಬ್ಬ ಹೆಂಗಸು ವಿಧವಾ ವೇತನಕ್ಕೆ ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಪೇಂಟಿಂಗ್ ಕೆಲಸದಲ್ಲಿ ಸಾರ್ವೆಯಿಂದ ಬಿದ್ದು ಸತ್ತಿದ್ದ. ಎರಡು ಮಕ್ಕಳು. ಮೂರು ಮನೆಯಲ್ಲಿ ಪಾತ್ರೆ, ನೆಲ ಒರೆಸುವ ಕೆಲಸ. ‘ತಿಂಗಳಿಗೆ ಎಷ್ಟು ಬರುತ್ತೆ?’ ಅಂತ ಕೇಳಿದೆ. ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು.

‘ನಿಜ ಹೇಳ್ಲಾ ಮೇಡಂ, ಬರೆಯೋ ಹಂಗೆ ಹೇಳ್ಲಾ?’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ನಿಜಾನೇ ಹೇಳಿ’ ಅಂದೆ. 7,000 ಅಂದಳು. ನಾನು ವರ್ಷಕ್ಕೆ 84,000 ಅಂತ ಹೊಡೆದೆ. ಆದಾಯ ಪ್ರಮಾಣಪತ್ರ ಹಾಗೇ ಬಂತು. ಪಿಂಚಣಿ ಅರ್ಜಿ ಅಲ್ಲಿಗೇ ನಿಂತಿತು. ಅದೇ ವಾರ, ಹೊರಗೆ ಟೀ ಅಂಗಡಿ ಹತ್ತಿರ ಕೂತು ಅರ್ಜಿ ಬರೆದುಕೊಡುವವನ ಕೈಗೆ ದುಡ್ಡು ಕೊಟ್ಟು ಬಂದ ಇನ್ನೊಬ್ಬಳು ವರ್ಷಕ್ಕೆ 12,000 ಅಂತ ಹೇಳಿದಳು. ಅವಳೂ ಮನೆಕೆಲಸದವಳೇ. ಅವಳಿಗೆ ಮಂಜೂರಾಯಿತು. ಅವಳದ್ದು ಮೋಸ ಅಂತ ನನ್ನ ಬಾಯಲ್ಲಿ ಬರುವುದಿಲ್ಲ, ಅವಳಿಗೂ ಆ 800 ಬೇಕೇ ಬೇಕಿತ್ತು. ಆದರೆ ನಿಜ ಹೇಳಿದವಳ ಮುಖ ನಾನು ಮರೆತಿಲ್ಲ. ಬೆಂಗಳೂರಿನಂಥ ಊರಿಗೆ ಆ ಮಿತಿಯನ್ನು ಬೇರೆ ಲೆಕ್ಕದಲ್ಲಿ ಹಾಕಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಸೆಪ್ಟೆಂಬರ್ ಕೊನೆಗೆ ಅಜ್ಜಿ ನಾಲ್ಕನೇ ಸಲ ಬಂದರು. ಮಧ್ಯಾಹ್ನ ಮೂರೂವರೆ ಇರಬೇಕು. ಮಳೆ ಬಂದು ಕರೆಂಟ್ ಹೋಗಿತ್ತು, ಯುಪಿಎಸ್ ಕೂಡ ಕೈ ಕೊಟ್ಟಿತ್ತು. ಹಾಗಾಗಿ ಕಿಟಕಿ ಹತ್ತಿರ ಯಾರೂ ಇರಲಿಲ್ಲ. ಸೆರಗು ಪೂರ್ತಿ ನೆನೆದಿತ್ತು. ಒಳಗೆ ಬಂದು ಕೂತ್ಕೊಳ್ಳಿ ಅಂದೆ. ಮೊದಲ ಸಲ ಅವರನ್ನು ಸರಿಯಾಗಿ ನೋಡಿದ್ದು ಆಗಲೇ. ಕಿವಿಯ ತೂತು ಮಾತ್ರ ಇತ್ತು, ಓಲೆ ಇರಲಿಲ್ಲ. ಎಲ್ಲಿಂದ ಬರ್ತೀರಿ ಅಂದೆ. ಎರಡು ಬಸ್ ಬದಲಾಯಿಸಿ ಬರುತ್ತಾರಂತೆ. ‘ಈಗ ನಮ್ಗೆ ಬಸ್ ಫ್ರೀ ಅಲ್ವಾ ಮಗ, ಅದ್ಕೆ ಬತ್ತೀನಿ. ಇಲ್ದಿದ್ರೆ ಎಲ್ಲಿ ಬರಾದು’ ಅಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರದಿದ್ದರೆ ಅವರು ಎರಡನೇ ಸಲಕ್ಕೇ ಬರುವುದು ಬಿಡುತ್ತಿದ್ದರು. ದುಡ್ಡು ಯಾಕೆ ನಿಂತಿತು ಅಂತ ನನಗೆ ಯಾವತ್ತೂ ತಿಳಿಯುತ್ತಲೂ ಇರಲಿಲ್ಲ.

ಕೆಲಸ ಇಲ್ಲದೆ ಕೂತಿದ್ದೆನಲ್ಲ, ತಾಲ್ಲೂಕು ಕಚೇರಿಗೆ ಇನ್ನೊಮ್ಮೆ ಫೋನ್ ಮಾಡಿದೆ. ಈ ಸಲ ಕೇಸ್ ವರ್ಕರ್ ಸಿಕ್ಕರು. ನೋಡಿ ಹೇಳಿದರು: ‘ದುಡ್ಡು ನಿಂತಿಲ್ಲಮ್ಮ. ಪ್ರತಿ ತಿಂಗಳೂ ಹೋಗಿದೆ.’

‘ಎಲ್ಲಿಗೆ ಸರ್?’

‘ಆಧಾರ್ ಯಾವ ಖಾತೆಗೆ ಲಿಂಕ್ ಆಗಿದೆಯೋ ಅಲ್ಲಿಗೆ. ಬೇರೆ ಖಾತೆ ಏನಾದ್ರೂ ಮಾಡ್ಸಿದಾರಾ ಕೇಳು.’

ಕೇಳಿದೆ. ಇಲ್ಲ ಅಂದರು. ಇರುವುದು ಒಂದೇ ಪಾಸ್‌ಬುಕ್ ಅಂದರು. ‘ನಿಮ್ಮ ಹತ್ರ ಇರೋ ಕಾಗದ ಎಲ್ಲ ತೋರಿಸಿ ಅಜ್ಜಿ’ ಅಂದೆ. ಸೊಂಟದಲ್ಲಿ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರ್ ತೆಗೆದರು. ಬಟ್ಟೆ ಅಂಗಡಿಯದು. ರಬ್ಬರ್ ಬ್ಯಾಂಡ್ ಬಿಚ್ಚಿ ಮೇಜಿನ ಮೇಲೆ ಸುರಿದರು. ರೇಷನ್ ಕಾರ್ಡು, ಆಧಾರ್, ವೋಟರ್ ಐಡಿ, ಮಂಜೂರಾತಿ ಆದೇಶದ ಹಳದಿಯಾದ ಜೆರಾಕ್ಸ್, ಯಜಮಾನರ ಮರಣ ಪ್ರಮಾಣಪತ್ರ, ಒಂದು ಮಾತ್ರೆ ಚೀಟಿ, ಧರ್ಮಸ್ಥಳದ ಕುಂಕುಮದ ಪೊಟ್ಟಣ. ಅದರ ಕೆಳಗೆ ಒಂದು ಕಾರ್ಡು. ಎಟಿಎಂ ಕಾರ್ಡಿನಷ್ಟೇ ಅಗಲ. ಮೇಲೆ ಚುಕ್ಕಿ ಚುಕ್ಕಿಯ ಚೌಕ. ಅದೇ, ನಾವು ಅಂಗಡಿಯಲ್ಲಿ ಫೋನ್ ಹಿಡಿದು ಸ್ಕ್ಯಾನ್ ಮಾಡುವಂಥದ್ದು.

‘ಇದೇನಜ್ಜಿ?’

‘ಅದಾ? ರೇಷನ್ನಿಗೆ ಅಂತ ಕೊಟ್ರು. ನಮ್ ಬೀದಿಗ್ ಬಂದಿದ್ರು ಹುಡುಗ್ರು. ಬೆರಳು ಒತ್ತಜ್ಜಿ, ಸರ್ಕಾರದ್ ದುಡ್ಡು ಬತ್ತದೆ ಅಂದ್ರು. ಎಲ್ರೂ ಒತ್ತಿದ್ರು, ನಾನೂ ಒತ್ತಿದೆ.’

ಅದು ಖಾತೆ. ಬೀದಿಯಲ್ಲಿ, ಒಂದು ಸಣ್ಣ ಯಂತ್ರದ ಮೇಲೆ ಬೆರಳಿಟ್ಟು ತೆರೆದ ಖಾತೆ. ಖಾತೆ ತೆರೆಯುವಾಗಲೇ ಆಧಾರ್ ಕೂಡ ಅದಕ್ಕೆ ಜೋಡಿಸಿಬಿಟ್ಟಿದ್ದಾರೆ. ಒಬ್ಬರಿಗೆ ಎಷ್ಟೇ ಖಾತೆ ಇದ್ದರೂ ಸರ್ಕಾರದ ದುಡ್ಡು ಬರುವುದು ಒಂದಕ್ಕೇ. ಕೊನೆಯ ಸಲ ಯಾವುದಕ್ಕೆ ಆ ಜೋಡಣೆ ಆಗಿದೆಯೋ ಅದಕ್ಕೆ. ಹಳೇ ಬ್ಯಾಂಕಿಗೆ ಹೋಗಿ ಕೇಳಿದರೆ ‘ನಮ್ಮಲ್ಲಿ ಬಂದಿಲ್ಲ’ ಅನ್ನುವುದು ನಿಜ. ನಮ್ಮಲ್ಲಿ ಕೇಳಿದರೆ ‘ಚಾಲ್ತಿಯಲ್ಲಿದೆ’ ಅನ್ನುವುದೂ ನಿಜ. ಎರಡು ನಿಜಗಳ ನಡುವೆ ಅಜ್ಜಿ ಮೂರು ತಿಂಗಳು ಓಡಾಡಿದ್ದರು. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದ ಮೇಲೆ ನಮ್ಮ ಹೋಬಳಿಯಲ್ಲಿ ಹೀಗೆ ಹೊಸ ಖಾತೆ ಮಾಡಿಸಿದವರು ತುಂಬಾ ಜನ. ಆ 2,000 ರೂಪಾಯಿಗಾಗಿ ಮಾಡಿಸಿದ ಖಾತೆಗೆ ಪಿಂಚಣಿಯೂ ಹೋಗಿ ಕೂತಿರುತ್ತದೆ. ಗೃಹಲಕ್ಷ್ಮಿ ನಮ್ಮ ಇಲಾಖೆಯದಲ್ಲ, ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಅದರ ವಿವರ ನನ್ನ ಸ್ಕ್ರೀನಿಗೆ ಬರುವುದೇ ಇಲ್ಲ.

ಡಿಬಿಟಿ ಕರ್ನಾಟಕ ಅಂತ ಒಂದು ಆ್ಯಪ್ ಇದೆ. ಯಾವ ಯೋಜನೆಯ ದುಡ್ಡು ಯಾವತ್ತು ಯಾವ ಬ್ಯಾಂಕಿಗೆ ಹೋಗಿದೆ ಅಂತ ಅದರಲ್ಲಿ ಕಾಣುತ್ತದೆ. ನಾನು ಮೊದಲ ದಿನವೇ ಅದನ್ನು ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಆಧಾರ್ ಜೊತೆ ಇರುವ ಮೊಬೈಲಿಗೆ ಓಟಿಪಿ ಬರಬೇಕು. ಅಜ್ಜಿಯ ಆಧಾರ್‌ಗೆ ಮೊಬೈಲೇ ಜೋಡಣೆ ಆಗಿರಲಿಲ್ಲ. ಅವರ ಹತ್ತಿರ ಮೊಬೈಲೂ ಇಲ್ಲ. ಆದರೂ ಕವರ್ ಬಿಚ್ಚಿಸಿ ನೋಡುವುದಕ್ಕೆ ಯಾವ ಓಟಿಪಿಯೂ ಬೇಕಿರಲಿಲ್ಲ. ಜೂನ್‌ನಲ್ಲೇ ನೋಡಬಹುದಿತ್ತು. ಅವತ್ತು ಐದು ನಿಮಿಷ ಕೊಡಲಿಲ್ಲ ನಾನು. ಸಾಲು ಉದ್ದ ಇತ್ತು ಅನ್ನುವುದು ನಿಜವೇ. ಅಜ್ಜಿಗೆ ಅದನ್ನು ಹೇಳುವುದಕ್ಕೆ ಮಾತ್ರ ನನಗೆ ಬಾಯಿ ಬರಲಿಲ್ಲ.

ಕಾರ್ಡಿನ ಹಿಂದೆ ಇದ್ದ ನಂಬರಿಗೆ ಫೋನ್ ಮಾಡಿ, ಆ ಬ್ಯಾಂಕಿನ ಹತ್ತಿರದ ಏಜೆಂಟ್ ಹುಡುಗನನ್ನು ಹುಡುಕಿದೆ. ಮಾರನೇ ದಿನ ಹನ್ನೊಂದು ಗಂಟೆಗೆ ಕಚೇರಿಗೇ ಬಂದ. ಒಳ್ಳೆಯ ಹುಡುಗ. ಅಜ್ಜಿಯೂ ಬಂದಿದ್ದರು. ಯಂತ್ರದ ಮೇಲೆ ಬಲ ಹೆಬ್ಬೆಟ್ಟು ಇಟ್ಟರು. ಆಗಲಿಲ್ಲ. ತೋರುಬೆರಳು, ಆಗಲಿಲ್ಲ. ನಾನು ಅವರ ಕೈ ಹಿಡಿದು ನೋಡಿದೆ. ಬೆರಳ ತುದಿಯಲ್ಲಿ ಗೆರೆಯೇ ಇರಲಿಲ್ಲ, ಸವೆದ ಹುಣಸೆ ಬೀಜದ ಹಾಗೆ ನುಣ್ಣಗಿತ್ತು. ನಲವತ್ತು ವರ್ಷ ಊದುಬತ್ತಿ ಹೊಸೆದ ಕೈ ಅದು, ಅವರೇ ಹೇಳಿದರು. ಸೋಪು ಹಾಕಿ ತೊಳೆಸಿದೆವು. ಒರೆಸಿದೆವು. ಹುಡುಗ ಹೇಳಿದ, ‘ತಲೆಗೆ ಒಂದ್ಸಲ ಸವರ್ಕೊಳ್ಳಿ ಅಜ್ಜಿ, ಎಣ್ಣೆ ಪಸೆ ಹತ್ಲಿ.’ ಸವರಿಕೊಂಡರು. ಕೊನೆಗೆ ಎಡಗೈಯ ಉಂಗುರದ ಬೆರಳು ಹಿಡಿಯಿತು. ಯಂತ್ರ ಸಣ್ಣಗೆ ಕೂಗಿತು.

7,200 ರೂಪಾಯಿ. ಮಾರ್ಚಿನಿಂದ ಆಗಸ್ಟಿನವರೆಗಿನದು, ಒಂದು ಪೈಸೆ ಕಡಿಮೆ ಇಲ್ಲದೆ ಅಲ್ಲೇ ಇತ್ತು.

ಅಜ್ಜಿ ನಗಲಿಲ್ಲ, ಅಳಲಿಲ್ಲ. ‘ಇಷ್ಟ್ ದಿನ ಇಲ್ಲೇ ಇತ್ತಾ?’ ಅಂತ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು, ಮೇ ತಿಂಗಳಲ್ಲಿ ಮಾತ್ರೆಗೆ ದುಡ್ಡಿಲ್ಲದೆ ಓಲೆ ಅಡ ಇಟ್ಟಿದ್ದಾರೆ ಅಂತ. ದೂರಲಿಲ್ಲ, ಸುಮ್ನೆ ಮಾತಿಗೆ ಹೇಳಿದ್ದು. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಅವತ್ತಿನಿಂದ ಮೇಜಿನ ಖಾನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪಿಂಚಣಿ ಬಂದಿಲ್ಲ ಅಂತ ಬಂದವರ ಊರು, ಯಾವ ತಿಂಗಳಿಂದ ಇಲ್ಲ, ಯಾರನ್ನು ಕೇಳಿದೆ, ಅವರು ಏನು ಹೇಳಿದರು, ಎಲ್ಲ ಬರೆದುಕೊಳ್ಳುತ್ತೇನೆ. ಮೊದಲು ಕವರ್ ಸುರಿಸುತ್ತೇನೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದೆಯಾ ನೋಡುತ್ತೇನೆ. ಒಂದರಲ್ಲಿ ಗೌರಮ್ಮ, ಇನ್ನೊಂದರಲ್ಲಿ ಗೌರಮ್ಮ ಕೋಂ ಅಂತ ಗಂಡನ ಹೆಸರೂ ಸೇರಿ ಉದ್ದವಾಗಿ ಇದ್ದರೂ ತೊಂದರೆ ಆಗುವುದುಂಟು. ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಕೇಳಬೇಕು ಅಂತ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ. ಬ್ಯಾಂಕಿಗೆ ಹೋಗುವವರ ಚೀಟಿಯಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಅಂತಲೇ ಬರೆಯುತ್ತೇನೆ. ಸರ್ಕಾರದ ದುಡ್ಡು ಈ ಖಾತೆಗೇ ಬರುವ ಹಾಗೆ ಆಧಾರ್ ಜೋಡಿಸುವುದಕ್ಕೆ ಹಾಗನ್ನುತ್ತಾರೆ. ಬರೀ ‘ಆಧಾರ್ ಲಿಂಕ್’ ಅಂದರೆ ಕೆವೈಸಿಗೆ, ಅಂದರೆ ಬರೀ ಗುರುತಿನ ದಾಖಲೆಗೆ ಜೋಡಿಸಿ ಕಳಿಸಿಬಿಡುತ್ತಾರೆ, ದುಡ್ಡು ಮತ್ತೆ ಬರುವುದಿಲ್ಲ. ಇದಕ್ಕೆಲ್ಲ ಸಾಲು ನಿಧಾನ ಆಗುತ್ತದೆ. ಹಿಂದೆ ನಿಂತವರು ಬೈಯುತ್ತಾರೆ. ದಿನಕ್ಕೆ ಎಷ್ಟು ಅರ್ಜಿ ಹಾಕಿದೆ ಅನ್ನುವುದಕ್ಕೆ ಲೆಕ್ಕ ಇದೆ, ಎಷ್ಟು ಜನರ ಕವರ್ ನೋಡಿದೆ ಅನ್ನುವುದಕ್ಕೆ ಇಲ್ಲ. ನನ್ನ ಲೆಕ್ಕ ಕಡಿಮೆ ಬಂದಿದೆ ಅಂತ ಮೇಲಿನವರು ಎರಡು ಸಲ ಕೇಳಿದ್ದಾರೆ. ನೋಟ್‌ಬುಕ್ ತೋರಿಸಿದೆ. ಓದಿ ನೋಡಿ ವಾಪಸ್ ಕೊಟ್ಟರು, ಏನೂ ಹೇಳಲಿಲ್ಲ.

ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದ ಹೆಸರುಗಳು ಅರ್ಧಕ್ಕಿಂತ ಜಾಸ್ತಿ. ಉಳಿದವು ಹಾಗೇ ಇವೆ. ಅದರಲ್ಲಿ ಒಬ್ಬ ತಾತ ಇದ್ದಾರೆ, ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಕಾವಲಿಗಿದ್ದವರು. ಮನೆ ಮಾಲೀಕರು ಶೀಟ್ ಮನೆ ಒಡೆದು ಬಿಲ್ಡಿಂಗ್ ಕಟ್ಟಲು ಶುರು ಮಾಡಿದಾಗ ಎರಡು ಬೀದಿ ಆಚೆಗೆ ಮನೆ ಬದಲಾಯಿಸಿದರು. ಪರಿಶೀಲನೆಗೆ ಹೋದವರಿಗೆ ಹಳೇ ವಿಳಾಸದಲ್ಲಿ ಕಂಡಿದ್ದು ಪಿಲ್ಲರ್ ಗುಂಡಿ. ‘ವಾಸವಿಲ್ಲ’ ಅಂತ ವರದಿ ಹಾಕಿದರು. ಪಿಂಚಣಿ ನಿಂತಿತು. ಬಾಡಿಗೆಗೆ ಇರುವವರ ಊರಿನಲ್ಲಿ ಮನೆ ಬದಲಾಯಿಸದೆ ಇರುವವರು ಯಾರು? ಹೊಸ ವಿಳಾಸಕ್ಕೆ ಕರಾರುಪತ್ರ ಕೇಳಿದರೆ ಮಾಲೀಕರು ಕೊಡುವುದಿಲ್ಲ. ಅದಿಲ್ಲದೆ ಆಧಾರ್‌ನಲ್ಲಿ ವಿಳಾಸ ಬದಲಾಯಿಸಲು ಇನ್ನೊಂದು ಸುತ್ತು. ವಿ.ಎ. ಸರ್‌ಗೆ ಐದು ಗ್ರಾಮದ ಕೆಲಸ. ಜೊತೆಗೆ ಸರ್ವೆ, ಸಭೆ, ಅದೂ ಇದೂ. ‘ಒಂದು ದಿನ ಹೋಗಿ ನೋಡ್ಕೊಂಡು ಬರ್ತೀನಮ್ಮ’ ಅಂದಿದ್ದಾರೆ.

ಮೊನ್ನೆ ಶುಕ್ರವಾರ ತಾತ ಬಂದಿದ್ದರು. ಮನೆಯ ಗುರುತು ಕೇಳಿದೆ. ಹಾಲಿನ ಬೂತ್ ದಾಟಿ ಬಲಕ್ಕೆ, ಮುನೇಶ್ವರನ ಗುಡಿ ಹಿಂದೆ, ನೀಲಿ ಡ್ರಮ್ ಇರುವ ಮನೆ. ಅದನ್ನೇ ಬರೆದು ವಿ.ಎ. ಸರ್‌ಗೆ ವಾಟ್ಸಾಪ್ ಮಾಡಿದ್ದೇನೆ. ಸೋಮವಾರ ಬೆಳಿಗ್ಗೆ ಆ ಕಡೆ ಹೋಗುತ್ತಾರಂತೆ. ತಾತನಿಗೆ ಎಲ್ಲಿಗೂ ಹೋಗದೆ ಮನೆಯಲ್ಲೇ ಇರಿ ಅಂತ ಹೇಳಿ ಕಳಿಸಿದ್ದೇನೆ.